ಸಿಡಿಲು ಮಾಡೋ ಹುಡುಗಿ, ಸಕ್ಕರೆ ತಿನ್ನದ ಅಜ್ಜ

ನಮ್ಮ ಮಂದ್ಯಾಗೆ ಲಗ್ನ ಕುದುರಿತು ಅಂತ ಹೇಳೋದು ಜಾತಕ ಅಲ್ಲ, ಸಕ್ಕರೆ. ಹೆಣ್ಣಿನ ಕಡೆಯೋರು ಗಂಡಿನ ಮನೆ ನೋಡಾಕೆ ಹೋಗ್ಬೇಕು. ಅಡಿಗೆಮನೆ ಇಣುಕ್ಬೇಕು, ಹಿತ್ತಲ ನೋಡ್ಬೇಕು, ನಲ್ಲಿ ತಿರುವಿ ನೀರು ಬರ್ತೈತಾ ಅಂತ ನೋಡ್ಬೇಕು. ಎಲ್ಲಾ ಸರಿ ಬಂತು ಅಂದ್ರೆ ತಟ್ಟ್ಯಾಗೆ ಸಕ್ಕರೆ ತರ್ತಾರೆ. ಎರಡೂ ಮನ್ಯಾಗೆ ಹಿರೇ ಜೀವ ಯಾವ್ದೈತೋ ಅವು ಮೊದ್ಲು ಬಾಯಿಗೆ ಹಾಕ್ಕೋಬೇಕು. ಆಮೇಲೆ ಉಳಿದೋರು. ಹಿರೇರು ತಿನ್ಲಿಲ್ಲ ಅಂದ್ರೆ ಸಕ್ಕರೆ ಇರುವೆಗೆ, ನಾವು ಬಸ್ ಸ್ಟ್ಯಾಂಡಿಗೆ.

ನಮ್ಮ ಕಡೆ ಹಿರೇ ಜೀವ ನಾನು. ಡಾಕ್ಟ್ರು ಸಕ್ಕರೆ ಬ್ಯಾಡ ಅಂದಾಗಿಂದ ನಾನು ಯಾರ ಮನೆ ಸಂಬಂಧಕ್ಕೂ ಬ್ಯಾಡ ಅಂದಿಲ್ಲ. ನನ್ನ ಮೊಮ್ಮಗಳಿಗೆ ನೋಡಿದ ಹರಿಹರದ ಗಂಡಿನ ಕಡೆ ಹಿರೇ ಜೀವ ಹುಡುಗನ ಅಜ್ಜ. ಆ ಅಜ್ಜ ಮಾತ್ರ ತಿನ್ನಲ್ಲ ಅಂತ ಮೊದ್ಲೇ ಹೇಳಿ ಕಳ್ಸಿದ್ರು. ಕಾರಣ ಕೇಳಿದ್ರೆ, ಹುಡುಗಿ ಸಿಡಿಲು ಮಾಡ್ತಾಳಂತಲ್ಲ, ಅಂದ್ರಂತೆ.

ಅದ್ರಾಗೆ ಸುಳ್ಳೇನಿಲ್ಲ. ನನ್ನ ಮೊಮ್ಮಗಳು ಸಿಡಿಲು ಮಾಡ್ತಾಳೆ. ಯೂನಿವರ್ಸಿಟ್ಯಾಗೆ ಅದನ್ನೇ ಓದ್ತಾಳೆ, ಬೆಂಕಿ ಕಾರೋ ಗುಡ್ಡದ ಮೇಲೆ ಮಿಂಚು ಹೆಂಗೆ ಹುಟ್ತೈತೆ ಅಂತ. ಸಂಬಂಧ ತಂದ ಹೆಂಗಸು ಹುಡುಗಿ ಏನ್ ಮಾಡ್ತಾಳೆ ಅಂತ ಮೆಸೇಜಿನಾಗೆ ಕೇಳಿದ್ಲು. ನಾನು ಆವಾಗಿನ್ನೂ ಫೋನಿನಾಗೆ ಟೈಪ್ ಮಾಡಾಕೆ ಕಲೀತಿದ್ದೆ. ದೊಡ್ಡ ದೊಡ್ಡ ಮಾತು ಬರೆಯೋ ಹೊತ್ತಿಗೆ ಸ್ಕ್ರೀನು ಕಪ್ಪಾಗೋದು. ಅದಕ್ಕೇ ಚಿಕ್ಕದಾಗಿ ಬರೆದೆ: ಸಿಡಿಲು ಮಾಡ್ತಾಳೆ. ಜೊತಿಗೆ ಒಂದು ಹೂವಿನ ಚಿತ್ರಾನೂ ಹಾಕಿದ್ದೆ. ಹೂವಿನ ವಿಷಯ ಹರಿಹರಕ್ಕೆ ಮುಟ್ಟಲೇ ಇಲ್ಲ.

ಟೈಪಿಂಗ್ ಕಲ್ಸಿದ್ದೂ ಮೊಮ್ಮಗಳೇ. ವಿದ್ಯಾನಗರದ ನಮ್ಮ ಮನ್ಯಾಗೆ ಸಂಜೆ ಕೂಡ್ಸಿಕೊಂಡು, ಅಜ್ಜಿ, ನಾನು ಹೇಳ್ತೀನಿ ನೀನು ಬರಿ, ಅನ್ನೋಳು. ಬೇರೆ ಹುಡುಗ್ರಾಗಿದ್ರೆ ಅ ಆ ಇ ಈ ಹೇಳ್ತಿದ್ರು. ಇವಳು ಹೇಳಿದ್ದು, ‘ಗುಡ್ಡದ ಹೊಟ್ಟೇಲಿ ಕಲ್ಲು ಕರಗಿರುತ್ತೆ.’ ನಾನು ಜಲ್ಮದಾಗೆ ಟೈಪ್ ಮಾಡಿದ ಮೊದ್ಲನೇ ಸಾಲು ಅದೇ. ಎರಡನೇದು, ‘ಆ ಕಲ್ಲಿನೊಳಗೆ ನೀರಿನ ಆವಿ ಸಿಕ್ಕೊಂಡಿರುತ್ತೆ.’

‘ಕಲ್ಲಿನೊಳಗೆ ನೀರು ಹೆಂಗೆ ಹೋತೇ?’ ಅಂದೆ.

‘ಅಕ್ಕಿಯೊಳಗೆ ತೇವ ಇರಲ್ವಾ ಅಜ್ಜಿ? ಬಿಸಿ ಮರಳಿಗೆ ಬಿದ್ದ ಕೂಡ್ಲೆ ಅಕ್ಕಿ ಯಾಕೆ ಅರಳಿ ಮಂಡಕ್ಕಿ ಆಗುತ್ತೆ? ಒಳಗಿನ ತೇವ ಆವಿಯಾಗಿ ಹೊರಗೆ ನುಗ್ಗಾಕೆ ನೋಡುತ್ತೆ. ಗುಡ್ಡದಾಗೂ ಅದೇ. ಆದ್ರೆ ಅಲ್ಲಿ ನುಗ್ಗೋ ಜೋರಿಗೆ ಕಲ್ಲು ಒಡೆದು ಪುಡಿಪುಡಿ ಆಗಿ ಆಕಾಶಕ್ಕೆ ಏಳುತ್ತೆ. ಕೆಲವು ಕಲ್ಲು ಅರಳೂ ಅರಳ್ತಾವೆ. ತೂತು ತೂತು, ಹಗುರ. ನೀರಿನ ಮೇಲೆ ತೇಲ್ತಾವೆ.’

‘ಅಂದ್ರೆ ಕಲ್ಲಿನ ಮಂಡಕ್ಕಿ.’

‘ಹೂಂ. ಬರಿ.’

ಬರೆದೆ. ದಾವಣಗೆರೇಲಿ ಹುಟ್ಟಿದ ಮ್ಯಾಲೆ ಮಂಡಕ್ಕಿ ಮೂಲಕ ಹೇಳಿದ್ರೆ ಯಾವ ಶಾಸ್ತ್ರಾನೂ ತಲಿಗೆ ಹತ್ತುತ್ತೆ. ಎದ್ದ ಬೂದಿ ಕಣಗಳು ಒಂದಕ್ಕೊಂದು ಉಜ್ಜಾಡ್ತಾವಂತೆ, ಡಿಕ್ಕಿ ಹೊಡಿತಾವಂತೆ. ಉಜ್ಜಾಡಿದಾಗ ಕರೆಂಟು ಹುಟ್ಟಿ, ಸಣ್ಣ ಕಣಕ್ಕೆ ಒಂದು ಥರದ್ದು, ದಪ್ಪ ಕಣಕ್ಕೆ ಇನ್ನೊಂದು ಥರದ್ದು ಅಂಟಿಕೊಳ್ತೈತಂತೆ. ಸಣ್ಣವು ಮ್ಯಾಲೆ ಹೋಗ್ತಾವೆ, ದಪ್ಪನವು ಕೆಳಗೆ ಉಳೀತಾವೆ. ಒಂದೇ ಮನ್ಯಾಗೆ ಮ್ಯಾಲಿನ ಮಹಡ್ಯಾಗೆ ಸೊಸೆ, ಕೆಳಗೆ ಅತ್ತೆ ಇದ್ದಂಗೆ. ಸ್ವಲ್ಪ ಹೊತ್ತು ತಡ್ಕಂತಾವೆ. ತಡ್ಯಾಕೆ ಆಗ್ಲಿಲ್ಲ ಅಂದ್ರೆ ಚಟ್ ಅಂತ ಮಿಂಚು. ಇನ್ನೂ ಮ್ಯಾಲಕ್ಕೆ ಹೋದ್ರೆ ಆ ಆವಿ ಹೆಪ್ಪುಗಟ್ಟಿ ಮಂಜಿನ ಚೂರಾಗಿ, ಅವೂ ಬಡಿದಾಡಿ, ನಮ್ಮ ಮಳೆ ಮೋಡದಾಗೆ ಹೆಂಗೆ ಗುಡುಗುತ್ತೋ ಹಂಗೇ ಗುಡುಗುತ್ತಂತೆ. ಗುಡ್ಡ ತನ್ನ ಮೋಡ ತಾನೇ ಮಾಡ್ಕೊಂಡು, ತನ್ನ ಮಳೆ ತಾನೇ ಸುರಿಸ್ಕೊಳ್ತೈತೆ. ಆ ಮಳ್ಯಾಗೆ ಬೂದಿ ಸೇರಿ ಕೆಸರು ಬೀಳ್ತೈತಂತೆ.

ಪಕ್ಕದಾಗೆ ಕಾಯಿಪಲ್ಯ ಹೆಚ್ಚುತಿದ್ದ ಸೊಸೆ ಮಹಡಿ ಮಾತು ಕೇಳಿಸ್ಕೊಂಡಿದ್ಲು. ‘ಅತ್ತೆ, ನಮ್ಮ ಮನೆಗೆ ಮಹಡೀನೇ ಇಲ್ಲ,’ ಅಂದ್ಲು.

‘ಅದಕ್ಕೇ ಇನ್ನೂ ಮಿಂಚು ಬಿದ್ದಿಲ್ಲ,’ ಅಂದೆ.

ಈಗ ದಾವಣಗೆರೇಲಿ ಬೆಂಕಿ ಗುಡ್ಡ ಎಲ್ಲಿಂದ ತರೋದು? ಮೊಮ್ಮಗಳು ಬೂದೀನ ಒಂದು ಡಬ್ಬ್ಯಾಗೆ ಹಾಕಿ, ಮೋಟ್ರಿನಿಂದ ಗರಗರ ತಿರುಗ್ಸಿ, ಎಷ್ಟು ಕರೆಂಟು ಹುಟ್ತು ಅಂತ ಅಳೀತಾಳೆ. ನಿಜವಾದ ಗುಡ್ಡದ ಬೂದಿ ದೂರದಿಂದ ಚಿಟಿಕೆಯಷ್ಟು ಬರ್ತೈತೆ, ಕುಂಕುಮದ ಭರಣ್ಯಾಗೆ ಇಟ್ಟಂಗೆ ಇಟ್ಕೊಂಡಾಳೆ. ಅಭ್ಯಾಸ ಮಾಡಾಕೆ ಮಂಡಕ್ಕಿ ಹುರಿಯೋ ಭಟ್ಟಿ ಬೂದಿ, ಭಟ್ಟಿ ಮರಳು. ಅದನ್ನ ತಂದ್ಕೊಡೋ ಕೆಲ್ಸ ನಂದು.

ಭಟ್ಟಿ ನಡೆಸೋ ಆಪಾ ನನಗೆ ಬಾಳ ವರ್ಷದ ಪರಿಚಯ. ಅವರ ಅತ್ತೆ ಕಾಲದಿಂದ ಅಲ್ಲೇ ಮಂಡಕ್ಕಿ ತಗಂತೀನಿ. ನಾನು ಎಣ್ಣೆ ಡಬ್ಬಿ ಹಿಡ್ಕೊಂಡು, ಆಪಾ, ಒಲೆ ಬೂದಿ ಬೇಕು ಅಂದಾಗ ಆಕೆ ನನ್ನ ಮುಖಾನೇ ನೋಡಿದ್ಲು.

‘ಕ್ಯಾ ಅಮ್ಮಾ, ಮಂಡಕ್ಕಿ ಚೆನ್ನಾಗಿಲ್ಲ ಅಂತ ಬೂದಿ ತಿನ್ನಾಕೆ ಶುರು ಮಾಡಿದ್ರಾ?’

‘ನಮ್ಮ ಹುಡುಗಿ ಇದ್ರಾಗೆ ಸಿಡಿಲು ಮಾಡ್ತಾಳೆ.’

‘ಮಾಡ್ಲಿ, ಮಾಡ್ಲಿ. ನಮ್ಮ ಛಾವಣಿ ತಗಡಿಂದು. ನಮ್ಮನೆ ಕಡೆ ಬ್ಯಾಡ ಅಂತ ಹೇಳಿ,’ ಅಂದು ಡಬ್ಬಿ ತುಂಬಿಕೊಟ್ಲು. ಆಮೇಲೆ ನಾನು ಹೋದಾಗೆಲ್ಲ ಆಕಾಶ ನೋಡಿ, ಇವತ್ತು ಹೆಂಗೈತೆ ಅಮ್ಮಾ ಸಿಡಿಲಿನ ರೇಟು, ಅಂತ ಕೇಳೋಳು.

ಇಷ್ಟು ಬೂದಿ ಹೊತ್ತಿದ್ದಕ್ಕೆ ನನಗೊಂದು ಗುಟ್ಟು ಸಿಕ್ತು. ಒಂದಿನ ಡಬ್ಬಿ ತಿರುಗ್ಸೋ ಮೋಟ್ರು ಸುಟ್ಟು, ಯೂನಿವರ್ಸಿಟ್ಯಾಗೆ ಇವಳ ಇಡೀ ಕಟ್ಟಡದ ಕರೆಂಟ್ ಹೋತಂತೆ. ರಿಪೇರಿಗೆ ಬಂದ ಕರೆಂಟ್ ಆಫೀಸಿನ ಇಂಜಿನಿಯರ್ರೇ ಈ ಹರಿಹರದ ಹುಡುಗ. ರಿಪೇರಿ ಆದ ಮ್ಯಾಲೂ ಆಗಾಗ ಬಂದು ಫ್ಯೂಸ್ ನೋಡ್ಕೊಂಡು ಹೋಗ್ತಿದ್ದ. ಫ್ಯೂಸಿಗೆ ಏನೂ ಆಗಿರ್ತಿರ್ಲಿಲ್ಲ. ಸಂಬಂಧ ತಂದ ಹೆಂಗಸಿಗೆ ಹುಡುಗನ ಮನೆ ದಾರಿ ತೋರ್ಸಿದ್ದು ನಾನೇ. ಮಗ ಸೊಸೆ ಮಾತ್ರ ಇದು ದೇವ್ರು ತಂದ ಸಂಬಂಧ ಅಂದ್ಕೊಂಡಿದ್ರು.

ಹರಿಹರಕ್ಕೆ ಹೊರಡೋ ಬೆಳಿಗ್ಗೆ ಮೊಮ್ಮಗಳು ನನ್ನ ಸೀರೆ ನೆರಿಗೆ ಸರಿ ಮಾಡ್ತಾ, ತಲೆ ಎತ್ತದೆ ಅಂದ್ಲು:

‘ಅಜ್ಜಿ, ಆ ಅಜ್ಜನ್ನ ಹೆಂಗಾದ್ರೂ ಒಪ್ಸು. ಅಜ್ಜ ತಿನ್ನದೆ ತಾನು ತಿನ್ನಲ್ಲ ಅಂತಾನೆ ಆ ಮೂರ್ಖ. ಅಜ್ಜ ಸಾಕಿದ ಮೊಮ್ಮಗ ಅಂತೆ.’

‘ಓದು ಬಿಡ್ಬೇಕು ಅಂದ್ರೆ?’

‘ಅಂದ್ರೆ ಎದ್ದು ಬಂದ್ಬಿಡು. ಸಕ್ಕರೆ ಮುಟ್ಬ್ಯಾಡ.’

ಆಗ ಅವಳ ಕೈ ನೆರಿಗೇನ ಹಿಡ್ದಿತ್ತು, ಬಿಡ್ಲಿಲ್ಲ. ನಾನು ತಮಾಷೆ ಮಾಡ್ಲಿಲ್ಲ.

ಮನೆ ನೋಡಾಕೆ ಹುಡುಗಿ ಬರಂಗಿಲ್ಲ. ಮಗ, ಸೊಸೆ, ನಾನು ಬಸ್ ಹತ್ತಿದ್ವಿ. ನನ್ನ ತೊಡೆ ಮೇಲೆ ಆಪಾ ಕೊಟ್ಟ ಮಂಡಕ್ಕಿ, ದೊಡ್ಡ ಪ್ಲಾಸ್ಟಿಕ್ ಕವರು ತುಂಬ. ದಾವಣಗೆರೆಯಿಂದ ಬರಿಗೈಲಿ ಹೋಗಾಕೆ ಬರಲ್ಲ. ಸೊಸೆ ದಾರಿ ಉದ್ದಕ್ಕೂ ಒಂದೇ ಮಾತು: ‘ಅತ್ತೆ, ನೀವು ಅಲ್ಲಿ ಏನೂ ಮಾತಾಡ್ಬ್ಯಾಡ್ರಿ. ನಗ್ತಾ ಕೂತಿದ್ರೆ ಸಾಕು.’

ಹರಿಹರದ ಮನೆ ನದಿ ಕಡೆಗೆ ಹೋಗೋ ಓಣ್ಯಾಗೈತೆ. ಬಾಗಿಲು ದಾಟಿದ ಕೂಡ್ಲೆ ನನ್ನ ಕಣ್ಣಿಗೆ ಬಿದ್ದಿದ್ದು ಗೋಡೆಗೆ ಒರಗಿಸಿದ್ದ ಹಾರೆ. ನೆಲ ಅಗೆಯೋ ಕಬ್ಬಿಣದ ಹಾರೆ, ನನಗಿಂತ ಎತ್ತರ. ಅರಿಶಿಣ ಕುಂಕುಮ ಹಚ್ಚಿತ್ತು. ಅದ್ರ ಪಕ್ಕದಾಗೆ ಪ್ಲಾಸ್ಟಿಕ್ ಕುರ್ಚಿ, ಕುರ್ಚ್ಯಾಗೆ ಅಜ್ಜ. ಬಿಳಿ ಟೆರಿಲಿನ್ ಅಂಗಿ, ದಪ್ಪ ಮೀಸೆ. ಅಜ್ಜನ ತಲೆ ಮ್ಯಾಲೇ ಮೇನ್ ಸ್ವಿಚ್ಚು. ಕಾವಲು ಕೂತಂಗೆ ಕೂತಿದ್ರು.

ಹುಡುಗನ ತಾಯಿ ಅಡಿಗೆಮನೆ ತೋರಿಸ್ತಾ ಎಲ್ಲಾ ಹೇಳಿದ್ಲು. ಕಡರನಾಯಕನಹಳ್ಳಿ ಹೊಲದಾಗೆ ಹಿಂದೊಂದು ಸಲ ಅಜ್ಜನ ಕಣ್ಣೆದುರಿಗೇ ತೆಂಗಿನ ಮರಕ್ಕೆ ಸಿಡಿಲು ಬಿದ್ದಿತ್ತಂತೆ. ಮರ ದೀಪದಂಗೆ ಉರೀತಂತೆ. ಆವತ್ತಿಂದ ಆಕಾಶದಾಗೆ ಅಂಗೈಯಷ್ಟು ಮೋಡ ಕಂಡ್ರೂ ಅಜ್ಜ ಮೇನ್ ಸ್ವಿಚ್ ಇಳಿಸಿ, ಹಾರೆ ಹೊತ್ಕೊಂಡು ಹೋಗಿ ಅಂಗಳಕ್ಕೆ ಎಸೆದು ಬರ್ತಾರೆ. ಕಬ್ಬಿಣ ಬಿಸಾಕಿದ್ರೆ ಸಿಡಿಲು ಅದನ್ನ ನೋಡಿ ಸುಮ್ನೆ ಹೋಗ್ತೈತೆ ಅಂತ ಅವರ ನಂಬಿಕೆ.

‘ಊರಿಗೆಲ್ಲ ಕರೆಂಟ್ ಕೊಡೋ ಇಂಜಿನಿಯರ್ರು, ನಮ್ಮ ಮನ್ಯಾಗೆ ಮೇಣಬತ್ತೀಲಿ ಊಟ ಮಾಡ್ತಾನ್ರಿ,’ ಅಂದ್ಲು ಆಕೆ. ‘ನಾವೆಲ್ಲ ನಕ್ಕೂ ನಕ್ಕೂ ಸಾಕಾಗೈತೆ. ಮಾವಾರು ಮಾತ್ರ ಬಿಟ್ಟಿಲ್ಲ.’

ನಡುಮನೆಗೆ ಮಿರ್ಚಿ ಬಂತು, ಟೀ ಬಂತು. ತಟ್ಟೆ ಸಕ್ಕರೆ ಬಂದು ನಡುವೆ ಕೂತಿತು. ಯಾರೂ ಅದ್ರ ಕಡೆ ನೋಡ್ತಿಲ್ಲ ಅನ್ನಂಗೆ ಎಲ್ರೂ ಅದನ್ನೇ ನೋಡ್ತಿದ್ರು. ಹುಡುಗ ಬಾಗಿಲ ಹತ್ರ ನಿಂತಿದ್ದ, ಅವನ ಮುಖ ಕರೆಂಟ್ ಹೋದ ಬಲ್ಬಿನಂಗಿತ್ತು. ಅಜ್ಜ ಗಂಟಲು ಸರಿ ಮಾಡ್ಕೊಂಡ್ರು. ನನ್ನ ಮಗನ್ನ ಕೇಳ್ಲಿಲ್ಲ, ಸೊಸೇನ ಕೇಳ್ಲಿಲ್ಲ, ಸೀದಾ ನನ್ನ ಕೇಳಿದ್ರು.

‘ಅಮ್ಮಾರೆ, ಮುಚ್ಚುಮರೆ ಬ್ಯಾಡ. ನನ್ನ ಮೊಮ್ಮಗ ಸಿಡಿಲು ಸುಟ್ಟಿದ್ದನ್ನ ರಿಪೇರಿ ಮಾಡೋನು. ನಿಮ್ಮ ಹುಡುಗಿ ಸಿಡಿಲು ಮಾಡೋಳು. ಬೆಳಿಗ್ಗೆ ಈಕೆ ಮಾಡೋದು, ಸಂಜೆ ಇವನು ರಿಪೇರಿ ಮಾಡೋದು. ಸಂಸಾರ ಹೆಂಗಾಕ್ಕೈತೆ?’

ಸೊಸೆ ನನ್ನ ತೊಡೆ ಚಿವುಟಿದ್ಲು. ನಾನು ನಕ್ಕೆ. ನಗ್ತಾ ಕೂತಿರ್ಬೇಕು ಅಂದಿದ್ಲಲ್ಲ.

‘ಯಜಮಾನ್ರೆ, ಆಕೆ ಮನ್ಯಾಗೆ ಮಾಡಲ್ಲ. ಡಬ್ಬ್ಯಾಗೆ ಮಾಡ್ತಾಳೆ.’

‘ಡಬ್ಬಿ ಮುಚ್ಚಳ ತೆಗೆದ್ರೆ?’

ಈ ಪ್ರಶ್ನೆಗೆ ಉತ್ತರ ಮಂಡಕ್ಕಿ ಕವರಿನಾಗಿತ್ತು. ಕವರ್ ಬಿಚ್ಚಿ ಅಷ್ಟೂ ಮಂಡಕ್ಕೀನ ಹುಡುಗನ ತಾಯಿ ತಂದಿಟ್ಟ ಅಗಲದ ಪರಾತಕ್ಕೆ ಸುರಿದೆ. ಒಂದು ಹಿಡಿಯಷ್ಟು ಕವರಿನ ಗೋಡೆಗೇ ಅಂಟಿಕೊಂಡಿತ್ತು, ಕೊಡವಿದ್ರೂ ಬಿಡಂಗಿಲ್ಲ. ನೋಡ್ರಿ, ಇದೇ ಬೆಂಕಿ ಗುಡ್ಡ, ಅಂದೆ. ಅಕ್ಕಿಯೊಳಗಿನ ತೇವ, ಕಲ್ಲಿನೊಳಗಿನ ಆವಿ, ಒಡೆದು ಎದ್ದ ಬೂದಿ, ಮಹಡಿ ಮ್ಯಾಲಿನ ಸೊಸೆ, ಟೈಪ್ ಮಾಡಿದ್ದೆಲ್ಲಾ ಸಾಲಾಗಿ ಹೇಳಿದೆ. ಸೊಸೆ ವಿಷಯ ಬಂದಾಗ ಹುಡುಗನ ತಾಯಿ, ಅದಂತೂ ನಿಜಾರಿ, ಅಂದ್ಲು. ನಮ್ಮ ಸೊಸೆ ಇನ್ನೊಂದ್ಸಲ ಚಿವುಟಿದ್ಲು.

‘ಉಜ್ಜಿದ್ರೆ ಕರೆಂಟು ಹುಟ್ತೈತೆ ಅಂತೀರಿ,’ ಅಂದ್ರು ಅಜ್ಜ. ‘ನಾನು ದಿನಾ ಬೆನ್ನು ಉಜ್ಕೊಂತೀನಿ.’

‘ನೀರ್ನಾಗೆ ಉಜ್ಕೊಂತೀರಿ. ಒಣಗಿದ್ದು ಉಜ್ಬೇಕು. ಒಂದೀಟು ಅಂಗಿ ತೋಳು ಕೊಡ್ರಿ.’

ಚೈತ್ರದ ಬಿಸಿಲು, ಗಾಳೀಲಿ ಒಂದು ಹನಿ ಪಸೆ ಇಲ್ಲ. ಅದ್ರ ಮ್ಯಾಲೆ ಟೆರಿಲಿನ್. ಖಾಲಿ ಕವರನ್ನ ಅಜ್ಜನ ತೋಳಿಗೆ ಗಸಗಸ ಉಜ್ಜಿದೆ, ಪಾತ್ರೆ ತಿಕ್ಕಿದಂಗೆ. ಬೀಗರಾಗೋರನ್ನ ಹಿಂಗೆ ತಿಕ್ಕಿದ್ದು ನಮ್ಮ ವಂಶದಾಗೆ ನಾನೇ ಮೊದ್ಲಿರ್ಬೇಕು. ಆಮೇಲೆ ಕವರನ್ನ ಪರಾತದ ಮ್ಯಾಲೆ ಹಿಡಿದೆ. ಮಂಡಕ್ಕಿ ತಾವಾಗೇ ಎದ್ದು ನಿಂತು, ಪಟಪಟ ಅಂತ ಮ್ಯಾಲಕ್ಕೆ ಜಿಗಿದ್ವು. ಒಂದಷ್ಟು ಕವರಿಗೆ ಅಂಟಿದ್ವು, ಒಂದಷ್ಟು ಅಜ್ಜನ ತೋಳಿಗೆ, ಎರಡು ಮೀಸಿಗೆ.

ಅಜ್ಜ ಮೀಸೆ ಮ್ಯಾಲಿನ ಮಂಡಕ್ಕೀನ ಕಣ್ಣು ಕೆಳಗೆ ಮಾಡಿ ನೋಡಾಕೆ ಪ್ರಯತ್ನ ಮಾಡಿದ್ರು. ಆಮೇಲೆ ಕುರ್ಚಿಯಿಂದ ಎದ್ದು, ಹಾರೆ ಹಿಡ್ಕೊಳ್ಳಾಕೆ ಕೈ ಚಾಚಿದ್ರು. ಬೆರಳು ಇನ್ನೂ ಮುಟ್ಟಿರ್ಲಿಲ್ಲ, ಚಟ್ ಅಂತು. ಸಣ್ಣ ಕಿಡಿ. ಎಲ್ರಿಗೂ ಕೇಳ್ತು.

ಅಜ್ಜ ತಮ್ಮ ಬೆರಳು ನೋಡಿದ್ರು, ಹಾರೆ ನೋಡಿದ್ರು.

‘ಇದು ಎಲ್ಲಿಂದ ಬಂತು?’

‘ನಿಮ್ಮಿಂದಾನೇ,’ ಅಂದೆ. ‘ಸಿಡಿಲಿನ ಮರಿ. ಇಷ್ಟು ದಿನ ಅಂಗ್ಯಾಗೆ ಇಟ್ಕೊಂಡು ಮೋಡ ಕಾಯ್ತಿದ್ರಿ.’

ಸೊಸೆ ಚಿವುಟೋದು ಬಿಟ್ಟು ತಲೆ ಮ್ಯಾಲೆ ಸೆರಗು ಎಳ್ಕೊಂಡ್ಲು. ಕೆಲ್ಸ ಕೆಟ್ತು ಅಂತ ನನಗೂ ಅನ್ನಿಸ್ತು. ಅಜ್ಜ ಸಿಡಿಲಿಗೆ ಹೆದರಿ ಅಷ್ಟು ವರ್ಷ ಕಳೆದೋರು, ನಾನು ಸಿಡಿಲು ತಂದು ಅವರ ಬೆರಳಿಗೇ ಕಟ್ಟಿದ್ದೆ. ಮೊಮ್ಮಗಳ ಕೈ ನೆರಿಗೆ ಹಿಡ್ಕೊಂಡಿದ್ದು ನೆನಪಾತು. ಅಜ್ಜ ಕುರ್ಚೀನ ದೂರ ಸರಿಸಿ, ಮರದ ಮಂಚದ ಮ್ಯಾಲೆ ಹೋಗಿ ಕೂತ್ರು. ಸಕ್ಕರೆ ಅಲ್ಲೇ ಇತ್ತು.

ಅಷ್ಟ್ರಾಗೆ ಬೆಳಕು ಕಂದಿತು. ಮುಂಗಾರಿಗಿಂತ ಮುಂಚಿನ ಮಳೆ ಹಂಗೇ, ಹೇಳದೆ ಬರೋ ನೆಂಟ್ರು. ನದಿ ಕಡೆಯಿಂದ ಧೂಳು ಎದ್ತು, ಕಿಟಕಿ ಬಡೀತು. ಅಜ್ಜ ವಯಸ್ಸಿಗೆ ಮೀರಿದ ಚುರುಕಿನಾಗೆ ಎದ್ದು ಮೇನ್ ಸ್ವಿಚ್ ಇಳಿಸಿದ್ರು. ಫ್ಯಾನ್ ನಿಂತಿತು. ಎಲ್ರ ಕಣ್ಣೆದುರಿಗೇ ಹಾರೆ ಹೊತ್ಕೊಂಡು ಅಂಗಳಕ್ಕೆ ಹೋಗಿ, ಢಣ್ ಅಂತ ಎಸೆದು, ಒದ್ದೆ ತಲೇಲಿ ಒಳಗೆ ಬಂದ್ರು. ಹುಡುಗ, ಅಜ್ಜಾ, ಅಂತ ಏನೋ ಹೇಳಾಕೆ ಹೋದ. ನಗಬ್ಯಾಡ ಕಣೋ, ಬಂದೋರ ಮುಂದೆ, ಅಂದ್ರು ಅಜ್ಜ. ಆ ಮಾತು ನನಗೆ ಚುಚ್ತು. ಇಷ್ಟು ವರ್ಷ ಮನೆ ಮಂದಿಯೆಲ್ಲ ನಕ್ಕಿದ್ದು ಆ ಒಂದು ಮಾತಿನಾಗಿತ್ತು.

ಹೊರಗೆ ಗುಡುಗು ಶುರುವಾತು. ನಾನು ಫೋನ್ ತೆಗೆದೆ.

‘ಅಮ್ಮಾರೆ, ಮಾತಾಡ್ಬ್ಯಾಡ್ರಿ ಅದ್ರಾಗೆ. ಸದ್ದಿಗೆ ಸಿಡಿಲು ಬರ್ತೈತೆ,’ ಅಂದ್ರು ಅಜ್ಜ.

‘ಮಾತಾಡಲ್ರಿ. ಬರೀತೀನಿ. ಸದ್ದಿಲ್ಲ.’

ಅಜ್ಜ ಸ್ವಲ್ಪ ಯೋಚ್ನೆ ಮಾಡಿ, ಬರೀರಿ, ಅಂದ್ರು. ಯಾರಿಗೆ ಅಂತ ಕೇಳಿದ್ರು. ಸಿಡಿಲು ಮಾಡೋಳಿಗೆ, ಅಂದೆ. ಆ ಕತ್ತಲ್ಯಾಗೆ ಒಂದೇ ಬೆರಳಿನಾಗೆ ಒತ್ತಿ ಒತ್ತಿ ಬರೆದೆ: ಅಜ್ಜ ಮೋಡ ನೋಡಿ ಮೇನ್ ಇಳಿಸ್ತಾರೆ. ಹಾರೆ ಅಂಗಳಕ್ಕೆ ಎಸೀತಾರೆ. ಎಲ್ಲ ನಗ್ತಾರೆ. ಸರೀನಾ ತಪ್ಪಾ. ಸಕ್ಕರೆ ಇನ್ನೂ ಐತೆ.

ಬರೆಯೋ ಹೊತ್ತಿಗೆ ಎರಡು ಸಲ ಮಿಂಚಿತು. ಮನೆ ಮಂದಿಯೆಲ್ಲ ನನ್ನ ಬೆರಳನ್ನೇ ನೋಡ್ತಿದ್ರು. ಅವಳ ಉತ್ತರ ಬಂತು. ಉದ್ದಕ್ಕಿತ್ತು. ನಾನು ಮೊದ್ಲು ಮನಸ್ಸಿನಾಗೇ ಪೂರಾ ಓದ್ಕೊಂಡೆ. ಆಮೇಲೆ ಕನ್ನಡಕ ಸರಿ ಮಾಡ್ಕೊಂಡು ಗಟ್ಟಿಯಾಗಿ ಓದಿದೆ:

‘ಸಿಡಿಲು ಬರೋಕೆ ಮುಂಚೆ ಮೇನ್ ಇಳಿಸೋದು ಸರಿ. ಅಜ್ಜ ಮಾಡಿದ್ದು ಸರಿ. ನಗೋರದ್ದೇ ತಪ್ಪು. ಕಂಬಕ್ಕೆ ಬಿದ್ದ ಸಿಡಿಲು ತಂತಿ ಹಿಡ್ಕೊಂಡು ಮನೆಯೊಳಗೆ ಬರಬಹುದು. ಇದು ಅವರ ಮೊಮ್ಮಗನಿಗೂ ಗೊತ್ತು, ಬೇಕಾದ್ರೆ ಕೇಳಿ.’

ಎಲ್ರೂ ಹುಡುಗನ ಕಡೆ ತಿರುಗಿದ್ರು. ಅವನು ಕಾಲ ಬೆರಳು ನೋಡ್ಕೊಂಡು, ಹೌದಜ್ಜ, ಸರೀನೇ, ಅಂದ.

‘ಇಷ್ಟು ವರ್ಷ ಯಾಕ ಹೇಳ್ಲಿಲ್ಲ?’

‘ನೀವು ಸಣ್ಣ ಮೋಡಕ್ಕೂ ಇಳಿಸ್ತೀರಿ ಅಜ್ಜ. ಕ್ರಿಕೆಟ್ ನಡೀತಿರ್ತಿತ್ತು.’

ಮಳೆ ಜೋರಾಯ್ತು. ಅಜ್ಜ ನನ್ನ ಕಡೆ ತಿರುಗಿ, ಇನ್ನೊಂದ್ಸಲ ಓದ್ರಿ ಅಮ್ಮಾರೆ, ಅಂದ್ರು. ಓದಿದೆ. ‘ನಗೋರದ್ದೇ ತಪ್ಪು’ ಅನ್ನೋ ಕಡೆ, ಅಲ್ಲಿಂದ ಮತ್ತೊಮ್ಮೆ, ಅಂದ್ರು. ಅದನ್ನೂ ಓದಿದೆ. ತಮ್ಮ ಸೊಸೆ ಕಡೆ ನೋಡಿ, ಕೇಳ್ತಾ, ಅಂದ್ರು. ಆಕೆ, ಕೇಳ್ತು ಮಾವಾರೆ, ಅಂದ್ಲು.

‘ಲಗ್ನ ಆದ ಮ್ಯಾಲೆ ಓದು ಬಿಡ್ತಾಳಾ ಈಕೆ?’ ಅಂದ್ರು ನನಗೆ.

ಅಲ್ಲಿಗೆ ಬಂತು. ನಾನು ಮಡಚಿಕೊಂಡಿದ್ದ ಕಾಲು ಕೆಳಗಿಟ್ಟೆ, ಏಳೋದಾದ್ರೆ ಅನುಕೂಲ ಆಗ್ಲಿ ಅಂತ.

‘ಬಿಡಲ್ಲ,’ ಅಂದೆ.

‘ಬಿಡ್ಬಾರ್ದು,’ ಅಂದ್ರು ಅಜ್ಜ. ‘ಬಿಟ್ರೆ ಈ ಮನ್ಯಾಗೆ ನನ್ನ ಕಡೆ ಮಾತಾಡೋರು ಯಾರು?’

ತಟ್ಟೆಗೆ ಕೈ ಹಾಕಿ, ಹಿಡಿ ತುಂಬ ಸಕ್ಕರೆ ತಗೊಂಡು ಬಾಯಿಗೆ ಹಾಕ್ಕೊಂಡ್ರು. ಮೀಸೆ ಮ್ಯಾಲಿನ ಮಂಡಕ್ಕೀನೂ ಜೊತಿಗೇ ಹೋತು. ನಾನೂ ಹಾಕ್ಕೊಂಡೆ, ಡಾಕ್ಟ್ರು ಹೇಳಿದ್ದಕ್ಕಿಂತ ಜಾಸ್ತಿ. ಆಮೇಲೆ ಹುಡುಗ. ಅವನು ಸಕ್ಕರೆ ತಿಂದಿದ್ದು ನೋಡಿದ್ರೆ ಬೆಳಿಗ್ಗೆಯಿಂದ ಉಪವಾಸ ಇದ್ದಂಗಿತ್ತು.

ಎಲ್ರ ಬಾಯಾಗೂ ಸಕ್ಕರೆ ಬಿತ್ತು ಅಂತ ಖಾತ್ರಿ ಮಾಡ್ಕೊಂಡು ನಾನು ಮತ್ತೆ ಕನ್ನಡಕ ಹಾಕ್ಕೊಂಡೆ. ‘ಯಜಮಾನ್ರೆ, ಕೆಳಗೆ ಇನ್ನೊಂದು ಸಾಲೈತೆ,’ ಅಂದು ಓದಿದೆ:

‘ಆದ್ರೆ ಹಾರೆ ವಿಷಯ ಪೂರ್ತಿ ತಪ್ಪು. ಅಂಗಳದಲ್ಲಿ ಬಿದ್ದಿರೋ ಹಾರೆಯಿಂದ ಏನೂ ಉಪಯೋಗ ಇಲ್ಲ. ಅಷ್ಟುದ್ದದ ಕಬ್ಬಿಣ ಹಿಡ್ಕೊಂಡು ಗುಡುಗೋ ಹೊತ್ತಲ್ಲಿ ಬಯಲಿಗೆ ಹೋಗೋದು ಸಿಡಿಲಿಗೆ ಎಲೆ ಅಡಿಕೆ ಕೊಟ್ಟು ಕರೆದಂಗೆ. ಇನ್ಮೇಲೆ ಅಜ್ಜನ್ನ ಹೊರಗೆ ಬಿಡ್ಬೇಡಿ.’

ಅಜ್ಜನ ಗಲ್ಲ ಎರಡೂ ಉಬ್ಬಿದ್ವು. ಉಗುಳಂಗಿಲ್ಲ, ಉಗುಳಿದ್ರೆ ಶಾಸ್ತ್ರ ಕೆಡ್ತೈತೆ. ಮಾತಾಡಂಗಿಲ್ಲ, ಬಾಯಿ ತುಂಬ ಸಕ್ಕರೆ. ಕಣ್ಣಿನಾಗೇ ನನ್ನ ಬೈದ್ರು. ನಾನು ನಗ್ತಾ ಕೂತೆ.

ಲಗ್ನ ಆಗಿ ಈಗ ಮೊಮ್ಮಗಳು ಹರಿಹರದಿಂದಾನೇ ಯೂನಿವರ್ಸಿಟಿಗೆ ಓಡಾಡಿ ಡಬ್ಬಿ ತಿರುಗ್ಸ್ತಾಳೆ. ಅಜ್ಜಂಗೂ ಟೈಪ್ ಮಾಡಾಕೆ ಕಲ್ಸ್ಯಾಳೆ, ಅದೇ ಗುಡ್ಡ, ಅದೇ ಆವಿ, ಅದೇ ಪಾಠ. ಮೋಡ ಕಂಡ ಕೂಡ್ಲೆ ಅಜ್ಜನಿಂದ ನನಗೆ ಮೆಸೇಜು ಬರ್ತೈತೆ. ನಿನ್ನೆ ಬಂದಿದ್ದು ಇದು:

ಮೋಡ ಬಂತು. ಮೇನ್ ಇಳಿಸಿದೆ. ಹಾರೆ ಒಳಗೈತೆ. ಮನಸ್ಸಿಗೆ ಸಮಾಧಾನ ಇಲ್ಲ.

ನಾನು ಒಂದು ಹೂವಿನ ಚಿತ್ರ ಕಳ್ಸಿದೆ.